ಗುಟ್ಟು ಹೇಳದೆ ಗುರುತು ತೋರಿಸುವುದು: ಪಾಸ್‌ವರ್ಡಿನ ಆರು ದಶಕಗಳು

2021ರ ಮೇ 7ರ ಬೆಳಗಿನ ಜಾವ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿದ್ದ ನೌಕರನೊಬ್ಬನಿಗೆ ಗಣಕದ ಪರದೆಯ ಮೇಲೆ ಬೆದರಿಕೆಯ ಸಂದೇಶವೊಂದು ಕಾಣಿಸಿತು. ಕಂಪನಿಯ ಕಡತಗಳಿಗೆ ಯಾರೋ ಬೀಗ ಜಡಿದಿದ್ದರು. ಬೀಗ ತೆಗೆಯಬೇಕಾದರೆ ಹಣ ಕೊಡಬೇಕಿತ್ತು. ಟೆಕ್ಸಾಸ್‌ನಿಂದ ನ್ಯೂಯಾರ್ಕ್ ಬಂದರಿನವರೆಗೆ ಹಬ್ಬಿರುವ ಸುಮಾರು 8,850 ಕಿಲೋಮೀಟರ್ ಉದ್ದದ ಕೊಳವೆ ಜಾಲ ಅದು. ಅಮೆರಿಕದ ಪೂರ್ವ ಕರಾವಳಿಗೆ ಬೇಕಾದ ಇಂಧನದ ಹತ್ತಿರ ಹತ್ತಿರ ಅರ್ಧದಷ್ಟು ಅದರಲ್ಲೇ ಹರಿಯುತ್ತದೆ. ಅಪಾಯ ಎಲ್ಲಿಯವರೆಗೆ ಹಬ್ಬಿದೆಯೋ ತಿಳಿಯದೆ ಕಂಪನಿ ಇಡೀ ಕೊಳವೆಯನ್ನೇ ನಿಲ್ಲಿಸಿತು. ಪೆಟ್ರೋಲ್ ಬಂಕುಗಳ ಮುಂದೆ ಸಾಲುಗಳು ಬೆಳೆದವು. ಮೇ 12ರಂದು ಮತ್ತೆ ಇಂಧನ ಹರಿಯತೊಡಗಿತು. ಅಷ್ಟರಲ್ಲಿ ಕಂಪನಿ 75 ಬಿಟ್‌ಕಾಯಿನ್, ಅಂದರೆ ಅಂದಿನ ಬೆಲೆಯಲ್ಲಿ ಸುಮಾರು 44 ಲಕ್ಷ ಡಾಲರ್, ತೆತ್ತಾಗಿತ್ತು. ಅದರಲ್ಲಿ ಬಹುಭಾಗವನ್ನು ಅಮೆರಿಕ ಸರ್ಕಾರ ಆಮೇಲೆ ವಶಪಡಿಸಿಕೊಂಡಿತು ಎಂಬುದು ಬೇರೆ ಮಾತು.

ಕಳ್ಳರು ಒಳಗೆ ಬಂದ ದಾರಿ ಬಹಳ ಸರಳವಾಗಿತ್ತು. ನೌಕರರು ದೂರದಿಂದ ಕಂಪನಿಯ ಜಾಲವನ್ನು ಪ್ರವೇಶಿಸಲು ಬಳಸುತ್ತಿದ್ದ ಹಳೆಯ ವ್ಯವಸ್ಥೆಯಲ್ಲಿ, ಯಾರೂ ಬಳಸದೆ ಬಿಟ್ಟಿದ್ದ ಖಾತೆಯೊಂದು ಉಳಿದುಕೊಂಡಿತ್ತು. ಅದಕ್ಕೆ ಕಾವಲಾಗಿದ್ದದ್ದು ಪಾಸ್‌ವರ್ಡ್ ಒಂದೇ. ಮುಂದೆ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕಂಪನಿಯ ಮುಖ್ಯಸ್ಥರು ಆ ಪಾಸ್‌ವರ್ಡ್ ಸುಲಭದ್ದೇನಲ್ಲ, ಜಟಿಲವಾದದ್ದೇ ಎಂದು ಹೇಳಿಕೆ ಕೊಟ್ಟರು. ಅದು ನಿಜವೇ ಇರಬಹುದು. ಆದರೆ ಅದೇ ಪಾಸ್‌ವರ್ಡ್ ಬೇರೆಲ್ಲೋ ಸೋರಿ ಹೋದ ಪಾಸ್‌ವರ್ಡ್‌ಗಳ ರಾಶಿಯಲ್ಲಿ ಪತ್ತೆಯಾಯಿತು.

ಜಟಿಲತೆ ಇಲ್ಲಿ ಏಕೆ ಕಾಯಲಿಲ್ಲ? ಪಾಸ್‌ವರ್ಡಿನ ಹುಟ್ಟಿನಲ್ಲೇ ಒಂದು ವಿಚಿತ್ರವಿದೆ. ಅದು ಗುಟ್ಟು, ಆದರೆ ಆ ಗುಟ್ಟು ನನಗೆ ಗೊತ್ತಿದೆ ಎಂದು ತೋರಿಸಬೇಕಾದರೆ ಅದನ್ನು ಎದುರಿನವರಿಗೆ ಹೇಳಿಯೇ ತೀರಬೇಕು. ಕೇಳುವವನು ನಂಬಿಕಸ್ಥನಾಗಿರಬೇಕು, ಅವನು ಅದನ್ನು ಜೋಪಾನವಾಗಿ ಇಟ್ಟಿರಬೇಕು, ನಡುವೆ ಯಾರೂ ಕದ್ದು ಕೇಳಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಪಾಸ್‌ವರ್ಡ್ ಎಷ್ಟು ಜಟಿಲವಾಗಿದ್ದರೂ ಒಂದೇ. ಗಣಕಗಳ ಪ್ರವೇಶ ಭದ್ರತೆಯ ಅರವತ್ತು ವರ್ಷಗಳ ಚರಿತ್ರೆಯನ್ನು, ಗುಟ್ಟನ್ನು ಹೇಳದೆಯೇ ಗುಟ್ಟು ಗೊತ್ತಿದೆ ಎಂದು ತೋರಿಸುವ ಉಪಾಯಕ್ಕಾಗಿ ನಡೆದ ಹುಡುಕಾಟವೆಂದು ಓದಬಹುದು. ವಿಶೇಷವೆಂದರೆ ಉಪಾಯಗಳು ಬೇಗ ಬೇಗನೆ ಸಿಕ್ಕವು. ಅವು ಬಳಕೆಗೆ ಬಂದದ್ದು ಮಾತ್ರ ಬಹಳ ತಡವಾಗಿ.

ಹಂಚಿಕೊಂಡ ಗಣಕ

1960ರ ಆಸುಪಾಸಿನಲ್ಲಿ ಗಣಕವೆಂದರೆ ಒಂದು ದೊಡ್ಡ ಕೋಣೆ ತುಂಬುವ, ಲಕ್ಷಾಂತರ ಡಾಲರ್ ಬೆಲೆಯ ಯಂತ್ರ. ಒಬ್ಬರ ಕೆಲಸ ಮುಗಿದ ಮೇಲೆ ಇನ್ನೊಬ್ಬರದು. ಪಂಚ್ ಕಾರ್ಡುಗಳ ಕಟ್ಟನ್ನು ಕೊಟ್ಟು ಬಂದರೆ ಉತ್ತರಕ್ಕೆ ಗಂಟೆಗಟ್ಟಲೆ ಕಾಯಬೇಕು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ, ಅಂದರೆ ಎಂಐಟಿಯ, ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಇದಕ್ಕೆ ಪರಿಹಾರವಾಗಿ ಕಾಲಹಂಚಿಕೆಯ ವ್ಯವಸ್ಥೆಯೊಂದನ್ನು ರೂಪಿಸಿ 1961ರ ನವೆಂಬರ್‌ನಲ್ಲಿ ಅದನ್ನು ಪ್ರದರ್ಶಿಸಿದರು. ಅದರ ಹೆಸರು ಸಿಟಿಎಸ್‌ಎಸ್. ಹಲವರು ಏಕಕಾಲದಲ್ಲಿ ಬೇರೆ ಬೇರೆ ಟರ್ಮಿನಲ್‌ಗಳ ಮುಂದೆ ಕುಳಿತು ಒಂದೇ ಗಣಕವನ್ನು ಬಳಸಬಹುದಿತ್ತು. ಯಂತ್ರ ಒಬ್ಬೊಬ್ಬರಿಗೂ ಕ್ಷಣ ಕ್ಷಣ ಹಂಚುತ್ತಿತ್ತು.

ಹಂಚಿಕೊಂಡ ಮೇಲೆ ಲೆಕ್ಕ ಬೇಡವೇ? ಪ್ರತಿಯೊಬ್ಬ ಬಳಕೆದಾರನಿಗೂ ಅವನದೇ ಕಡತಗಳು, ಅವನದೇ ಸಮಯದ ಪಾಲು. ಯಾರ ಪಾಲನ್ನು ಯಾರು ಬಳಸುತ್ತಿದ್ದಾರೆಂದು ತಿಳಿಯಲು ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್ ಕೊಟ್ಟರು. ಎಲ್ಲರ ಪಾಸ್‌ವರ್ಡ್‌ಗಳನ್ನೂ ಒಂದು ಕಡತದಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿಟ್ಟರು.

ಆ ಕಡತ ಮೊದಲು ಕೈಜಾರಿದ್ದು 1962ರಲ್ಲಿ. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ನಾಲ್ಕು ಗಂಟೆಗಳ ಗಣಕ ಸಮಯ ಸಿಗುತ್ತಿತ್ತು. ಅವನ ಪಿಎಚ್‌ಡಿ ಲೆಕ್ಕಗಳಿಗೆ ಅದು ಸಾಲುತ್ತಿರಲಿಲ್ಲ. ಕಡತಗಳನ್ನು ಮುದ್ರಿಸಿಕೊಡಿ ಎಂದು ಪಂಚ್ ಕಾರ್ಡ್ ಮೂಲಕ ಕೋರಿಕೆ ಸಲ್ಲಿಸುವ ವ್ಯವಸ್ಥೆ ಅಲ್ಲಿತ್ತು. ಶೆರ್ ಒಂದು ಶುಕ್ರವಾರ ರಾತ್ರಿ ಪಾಸ್‌ವರ್ಡ್ ಕಡತದ ಹೆಸರನ್ನೇ ಬರೆದು ಕಾರ್ಡ್ ಹಾಕಿದ. ಮುದ್ರಿತ ಪ್ರತಿ ಶನಿವಾರ ಬೆಳಗ್ಗೆ ಸಿದ್ಧವಾಗಿತ್ತು! ಅವನು ಬೇರೆಯವರ ಹೆಸರಿನಲ್ಲಿ ಒಳಹೊಕ್ಕು ತನ್ನ ಲೆಕ್ಕ ಮುಗಿಸಿಕೊಂಡ. ಈ ಸಂಗತಿಯನ್ನು ಅವನು ಬಾಯಿಬಿಟ್ಟದ್ದು ಸುಮಾರು ಇಪ್ಪತ್ತೈದು ವರ್ಷಗಳ ನಂತರ. ಯಂತ್ರದ ಯಾವ ರಕ್ಷಣೆಯನ್ನೂ ಅವನು ಒಡೆಯಲಿಲ್ಲ ಎಂಬುದನ್ನು ಗಮನಿಸಿ. ಕೇಳಿದ, ಅದು ಕೊಟ್ಟಿತು.

1966ರಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. ಸಿಟಿಎಸ್‌ಎಸ್‌ನಲ್ಲಿ ಕಡತ ತಿದ್ದುವ ತಂತ್ರಾಂಶ ತನ್ನ ತಾತ್ಕಾಲಿಕ ಕಡತಕ್ಕೆ ಯಾವಾಗಲೂ ಒಂದೇ ಹೆಸರು ಕೊಡುತ್ತಿತ್ತು. ಒಂದು ಖಾತೆಯಲ್ಲಿ ಒಮ್ಮೆಗೆ ಒಬ್ಬನೇ ಕೆಲಸ ಮಾಡುತ್ತಾನೆ ಎಂಬುದು ಅದನ್ನು ಬರೆದವರ ಎಣಿಕೆ. ಆದರೆ ವ್ಯವಸ್ಥಾಪಕರ ಖಾತೆಯನ್ನು ಒಬ್ಬರಿಗಿಂತ ಹೆಚ್ಚು ಮಂದಿ ಬಳಸತೊಡಗಿದರು. ಒಂದು ದಿನ ಒಬ್ಬರು ಎಲ್ಲರಿಗೂ ಕಾಣುವ ದಿನದ ಪ್ರಕಟಣೆಯನ್ನು ತಿದ್ದುತ್ತಿದ್ದರು, ಇನ್ನೊಬ್ಬರು ಪಾಸ್‌ವರ್ಡ್ ಕಡತವನ್ನು. ಎರಡೂ ಅದಲು ಬದಲಾದವು. ಅಂದು ಗಣಕಕ್ಕೆ ಪ್ರವೇಶಿಸಿದವರಿಗೆಲ್ಲ ಪ್ರಕಟಣೆಯ ಬದಲು ಎಲ್ಲರ ಪಾಸ್‌ವರ್ಡ್‌ಗಳ ಪಟ್ಟಿ ಸಾಲು ಸಾಲಾಗಿ ಮುದ್ರಣವಾಗಿ ಬಂತು! ಮುಂದೆ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಕೊರ್ಬಾಟೊ ತಮ್ಮ ಉಪನ್ಯಾಸದಲ್ಲಿ ಈ ಪ್ರಸಂಗವನ್ನು ಸಂಕೋಚವಿಲ್ಲದೆ ವಿವರಿಸಿದರು. ಸಂಕೀರ್ಣ ವ್ಯವಸ್ಥೆಗಳಲ್ಲಿ ತಪ್ಪು ಆಗಿಯೇ ಆಗುತ್ತದೆ, ಆಗುತ್ತದೆಂದೇ ತಿಳಿದು ಕಟ್ಟಬೇಕು ಎಂಬುದು ಅವರ ವಾದಕ್ಕೆ ಉದಾಹರಣೆಯಾಗಿತ್ತು.

ರಾಗಿ ಹಿಟ್ಟಾದ ಮೇಲೆ

ಕಡತವನ್ನು ಎಷ್ಟು ಭದ್ರವಾಗಿ ಮುಚ್ಚಿಟ್ಟರೂ ಒಂದಲ್ಲ ಒಂದು ದಿನ ಅದು ಹೊರಬೀಳುತ್ತದೆ. ಹೊರಬಿದ್ದರೂ ತೊಂದರೆಯಾಗದಂತೆ ಬರೆದಿಡಲು ಸಾಧ್ಯವೆ? ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಟೈಟಾನ್ ಎಂಬ ಗಣಕದ ಕೆಲಸದಲ್ಲಿದ್ದ ರೋಜರ್ ನೀಡ್ಹಮ್ ಮತ್ತು ಮೈಕ್ ಗೈ 1960ರ ದಶಕದಲ್ಲೇ ಇದಕ್ಕೆ ಉತ್ತರ ಕಂಡುಕೊಂಡರು. ಅದನ್ನು ಮಾರಿಸ್ ವಿಲ್ಕ್ಸ್ 1968ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರಿಸಿದರು.

ಉಪಾಯ ಇಷ್ಟು: ಗಣಕ ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳಬೇಕಾಗಿಯೇ ಇಲ್ಲ. ರಾಗಿಯನ್ನು ಬೀಸಿದರೆ ಹಿಟ್ಟಾಗುತ್ತದೆ. ಹಿಟ್ಟನ್ನು ಎಷ್ಟು ತಿರುಗಿಸಿ ಬೀಸಿದರೂ ಕಾಳು ಬರುವುದಿಲ್ಲ. ಹಾಗೆಯೇ ಒಂದು ದಿಕ್ಕಿನಲ್ಲಿ ಸುಲಭವಾಗಿಯೂ ಹಿಮ್ಮುಖವಾಗಿ ಅತಿ ಕಷ್ಟವಾಗಿಯೂ ಇರುವ ಗಣಿತ ಕ್ರಿಯೆಗಳಿವೆ. ಇವಕ್ಕೆ ಏಕಮುಖ ಉತ್ಪನ್ನಗಳೆಂದು ಹೆಸರು. ತರಗತಿಯಲ್ಲಿ ಇದರ ರುಚಿ ತೋರಿಸುವುದು ಸುಲಭ. 97ನ್ನು 89ರಿಂದ ಗುಣಿಸಲು ಹೇಳಿ. ಅರ್ಧ ನಿಮಿಷದಲ್ಲಿ 8,633 ಎಂಬ ಉತ್ತರ ಬರುತ್ತದೆ. ಇನ್ನೊಂದು ತರಗತಿಯಲ್ಲಿ 8,633ನ್ನು ಕೊಟ್ಟು ಅದರ ಅಪವರ್ತನಗಳನ್ನು ಕೇಳಿ. ಪಾಸ್‌ವರ್ಡಿಗೆ ಬಳಸುವ ಕ್ರಿಯೆಗಳು ಇದಕ್ಕಿಂತ ಬೇರೆ ಬಗೆಯವು, ಆದರೆ ಸ್ವಭಾವ ಇದೇ. ಗಣಕ ಕಾಳನ್ನು ಬಿಸಾಡಿ ಹಿಟ್ಟನ್ನು ಮಾತ್ರ ಕಡತದಲ್ಲಿ ಇಟ್ಟುಕೊಳ್ಳುತ್ತದೆ. ನೀವು ಮರಳಿ ಬಂದು ಪಾಸ್‌ವರ್ಡ್ ಹೇಳಿದಾಗ ಅದನ್ನು ಮತ್ತೆ ಬೀಸಿ, ಎರಡು ಹಿಟ್ಟುಗಳೂ ಒಂದೇ ಆಗಿವೆಯೇ ಎಂದು ನೋಡುತ್ತದೆ. ಕಡತ ಕದ್ದವನಿಗೆ ಸಿಗುವುದು ಹಿಟ್ಟು ಮಾತ್ರ.

ಹಾಗಾದರೆ ಸಮಸ್ಯೆ ಮುಗಿಯಿತಲ್ಲ? ಮುಗಿಯಲಿಲ್ಲ. ಏಕೆಂಬುದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸಿದ್ದು ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಪ್ರಬಂಧ. ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಪಾಸ್‌ವರ್ಡ್‌ಗಳನ್ನು ಹೇಗೆ ಕಾಪಾಡಿದೆವು, ಎಲ್ಲಿ ಎಡವಿದೆವು ಎಂಬುದರ ವೃತ್ತಾಂತ ಅದು. ಗಣಕ ವಿಜ್ಞಾನದ ಪ್ರಬಂಧಗಳಲ್ಲಿ ವಿದ್ಯಾರ್ಥಿಯೊಬ್ಬ ಶಿಕ್ಷಕರ ನೆರವಿನಿಂದ ಮೂಲದಲ್ಲೇ ಓದಬಹುದಾದ ಕೆಲವೇ ಕೆಲವುಗಳಲ್ಲಿ ಇದೂ ಒಂದೆಂದು ನನ್ನ ಅಭಿಪ್ರಾಯ.

ಯುನಿಕ್ಸ್‌ನ ಮೊದಲ ಆವೃತ್ತಿಗಳು ಪಾಸ್‌ವರ್ಡ್‌ಗಳನ್ನು ಇದ್ದ ಹಾಗೆಯೇ ಇಡುತ್ತಿದ್ದವು. ನಂತರ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಬಳಸುತ್ತಿದ್ದ ಎಂ-209 ಎಂಬ ಗೂಢಲಿಪಿ ಯಂತ್ರವನ್ನು ತಂತ್ರಾಂಶದಲ್ಲಿ ಅನುಕರಿಸಿ, ಅದರಿಂದ ಬೀಸುವ ಕೆಲಸ ಮಾಡಿಸಿದರು. ತೊಂದರೆ ಬಂದದ್ದು ಅದರ ವೇಗದಿಂದ. ಪಿಡಿಪಿ-11/70 ಗಣಕದಲ್ಲಿ ಒಂದು ಪಾಸ್‌ವರ್ಡನ್ನು ಬೀಸಿ ಹೋಲಿಸಿ ನೋಡಲು 1.25 ಮಿಲಿಸೆಕೆಂಡ್ ಸಾಕಿತ್ತು. ಹಿಟ್ಟಿನಿಂದ ಕಾಳು ಮಾಡಲಾಗದಿದ್ದರೆ ಬೇಡ. ಸಾಧ್ಯವಿರುವ ಕಾಳುಗಳನ್ನೆಲ್ಲ ಒಂದೊಂದಾಗಿ ಬೀಸಿ ನೋಡಬಹುದಲ್ಲ!

ಲೆಕ್ಕವನ್ನು ನೀವೇ ಹಾಕಬಹುದು. ಇಂಗ್ಲಿಷಿನ ಸಣ್ಣಕ್ಷರಗಳು 26. ನಾಲ್ಕು ಅಕ್ಷರಗಳ ಪಾಸ್‌ವರ್ಡ್‌ಗಳು 26ರ ನಾಲ್ಕನೆಯ ಘಾತ, ಅಂದರೆ 4,56,976. ಇಷ್ಟನ್ನೂ ಪರೀಕ್ಷಿಸಲು ಹತ್ತು ನಿಮಿಷ ಸಾಕು. ಐದು ಅಕ್ಷರಕ್ಕೆ ನಾಲ್ಕು ಗಂಟೆಗಳ ಮೇಲೆ ಸ್ವಲ್ಪ. ಆರು ಅಕ್ಷರಕ್ಕೆ ಸುಮಾರು 31 ಕೋಟಿ ಸಾಧ್ಯತೆಗಳು, 107 ಗಂಟೆಗಳು. ನಾಲ್ಕೂವರೆ ದಿನ ಗಣಕವನ್ನು ಬಿಟ್ಟು ಹೋದರೆ ಆಯಿತು.

ಜನ ಎಂಥ ಪಾಸ್‌ವರ್ಡ್ ಆರಿಸುತ್ತಾರೆಂಬುದನ್ನೂ ಅವರು ಎಣಿಸಿ ನೋಡಿದರು. ಸಂಗ್ರಹಿಸಿದ 3,289 ಪಾಸ್‌ವರ್ಡ್‌ಗಳಲ್ಲಿ 15 ಒಂದೇ ಅಕ್ಷರದವು! ಎರಡಕ್ಷರದವು 72, ಮೂರಕ್ಷರದವು 464, ನಾಲ್ಕರವು 477. ಐದು ಅಕ್ಷರದವು 706, ಆರು ಸಣ್ಣಕ್ಷರದವು 605. ಇನ್ನೂ 492 ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಸಿಕ್ಕವು. ಒಟ್ಟು 2,831, ಅಂದರೆ ನೂರಕ್ಕೆ 86, ಸುಲಭವಾಗಿ ಕೈಗೆ ಬರುವಂಥವು.

ಮದ್ದಾಗಿ ಅವರು ಎರಡು ಉಪಾಯಗಳನ್ನು ಹೂಡಿದರು. ಮೊದಲನೆಯದು, ಬೇಕೆಂದೇ ನಿಧಾನ ಮಾಡುವುದು. ಆಗಿನ ಅಮೆರಿಕದ ಅಧಿಕೃತ ಗೂಢಲಿಪಿ ಕ್ರಮವಾದ ಡಿಇಎಸ್ ಅನ್ನು ಒಂದಲ್ಲ, 25 ಬಾರಿ ನಡೆಸಿದರು. ಸರಿಯಾದ ಬಳಕೆದಾರನಿಗೆ ಆ ವಿಳಂಬ ಗೊತ್ತೂ ಆಗುವುದಿಲ್ಲ. ಕೋಟಿಗಟ್ಟಲೆ ಸಲ ಪ್ರಯತ್ನಿಸುವ ಕಳ್ಳನಿಗೆ ಅದು ಭಾರ. ಎರಡನೆಯದು ಉಪ್ಪು! ಪ್ರಬಂಧದಲ್ಲಿ ಅವರು ಇಟ್ಟ ಹೆಸರೇ ಅದು. ಪ್ರತಿ ಪಾಸ್‌ವರ್ಡನ್ನು ಬೀಸುವ ಮೊದಲು ಯಾದೃಚ್ಛಿಕವಾಗಿ ಆರಿಸಿದ 12 ಬಿಟ್‌ಗಳನ್ನು ಅದರೊಂದಿಗೆ ಬೆರೆಸುವುದು. ಹಾಗಾಗಿ ಒಂದೇ ಪಾಸ್‌ವರ್ಡಿಗೆ 4,096 ಬಗೆಯ ಹಿಟ್ಟುಗಳು ಸಾಧ್ಯ. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದರೂ ಕಡತದಲ್ಲಿ ಅದು ತಿಳಿಯದು. ಒಮ್ಮೆ ಬೀಸಿದ ನಿಘಂಟನ್ನು ಎಲ್ಲರ ಮೇಲೂ ಪ್ರಯೋಗಿಸಲಾಗದು.

ಆದರೂ ಯುನಿಕ್ಸ್ ಒಂದು ಬಾಗಿಲನ್ನು ತೆರೆದೇ ಇಟ್ಟಿತ್ತು. ಹಿಟ್ಟಿನ ಕಡತವನ್ನು ಯಾರು ಬೇಕಾದರೂ ಓದಬಹುದಿತ್ತು, ಹಿಟ್ಟು ತಾನೆ ಎಂಬ ಧೈರ್ಯದಿಂದ. 1988ರ ನವೆಂಬರ್ 2ರಂದು ಅಂತರಜಾಲದಲ್ಲಿ ಹರಡಿದ ಹುಳು ಒಂದು, ಇತರ ದಾರಿಗಳ ಜೊತೆಗೆ ಈ ದಾರಿಯನ್ನೂ ಹಿಡಿಯಿತು. ಬಳಕೆದಾರನ ಹೆಸರು, ಅದರ ತಿರುಗುಮುರುಗು, ನಂತರ ತನ್ನೊಳಗೇ ಹೊತ್ತು ತಂದ 432 ಪದಗಳ ಪಟ್ಟಿ, ಕೊನೆಗೆ ಗಣಕದಲ್ಲೇ ಇದ್ದ ನಿಘಂಟು, ಹೀಗೆ ಒಂದೊಂದನ್ನೂ ಬೀಸಿ ಹೋಲಿಸಿತು. ಆಗಿನ ಅಂದಾಜಿನಂತೆ ಸುಮಾರು 6,000 ಗಣಕಗಳು ತತ್ತರಿಸಿದವು. ಹುಳುವನ್ನು ಬರೆದವನು ರಾಬರ್ಟ್ ಟಪ್ಪನ್ ಮಾರಿಸ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿ. ಅವನು 1979ರ ಪ್ರಬಂಧದ ಅದೇ ರಾಬರ್ಟ್ ಮಾರಿಸ್‌ರ ಮಗ. ತಂದೆ ಆಗ ಅಮೆರಿಕ ಸರ್ಕಾರದ ಗಣಕ ಭದ್ರತಾ ಕೇಂದ್ರದ ಮುಖ್ಯ ವಿಜ್ಞಾನಿಯಾಗಿದ್ದರು.

ಇಷ್ಟೆಲ್ಲ ಗೊತ್ತಾದ ಮೇಲೂ ಆದದ್ದೇನು? 2009ರ ಡಿಸೆಂಬರ್‌ನಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಸೋರಿದವು. ಒಂದನ್ನೂ ಬೀಸಿರಲಿಲ್ಲ, ಎಲ್ಲವೂ 1961ರ ಸಿಟಿಎಸ್‌ಎಸ್ ಕಡತದಂತೆಯೇ ಇದ್ದವು. ಅತಿ ಹೆಚ್ಚು ಮಂದಿ ಆರಿಸಿಕೊಂಡಿದ್ದ ಪಾಸ್‌ವರ್ಡ್ 123456. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸುಮಾರು 65 ಲಕ್ಷ ಪಾಸ್‌ವರ್ಡ್‌ಗಳ ಹಿಟ್ಟು ಹೊರಬಿತ್ತು. ಅಲ್ಲಿ ಬೀಸಿದ್ದರು, ಉಪ್ಪು ಹಾಕಿರಲಿಲ್ಲ. 33 ವರ್ಷ ಹಳೆಯ ಪಾಠವನ್ನು ಜಗತ್ತಿನ ವೃತ್ತಿಪರರೆಲ್ಲ ಸೇರುವ ಜಾಲತಾಣವೇ ಮರೆತಿತ್ತು. ಸೋರಿಕೆ ಅಷ್ಟಕ್ಕೇ ನಿಂತಿರಲಿಲ್ಲ, 11.7 ಕೋಟಿ ಖಾತೆಗಳವರೆಗೆ ಹೋಗಿತ್ತು ಎಂಬುದು 2016ರಲ್ಲಿ ಗೊತ್ತಾಯಿತು. ಸರಳವಾದ ಹಳೆಯ ಬೀಸುವ ಕ್ರಮವಾದರೆ ಈಗಿನ ಒಂದೇ ಒಂದು ಗ್ರಾಫಿಕ್ಸ್ ಸಂಸ್ಕಾರಕ ಸೆಕೆಂಡಿಗೆ ಸಾವಿರ ಕೋಟಿಗೂ ಮಿಕ್ಕಿ ಊಹೆಗಳನ್ನು ಪರೀಕ್ಷಿಸಬಲ್ಲದು. ಎಂಟು ಸಣ್ಣಕ್ಷರಗಳ ಎಲ್ಲ ಸಾಧ್ಯತೆಗಳು ಸುಮಾರು 20,883 ಕೋಟಿ, ಭಾಗಿಸಿ ನೋಡಿ. 1999ರಲ್ಲಿ ಬಂದ ಬಿಕ್ರಿಪ್ಟ್, 2015ರಲ್ಲಿ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2 ಮುಂತಾದ ಕ್ರಮಗಳು ಗಣಕಗಳ ವೇಗ ಹೆಚ್ಚಿದಂತೆ ಬೀಸುವ ಶ್ರಮವನ್ನೂ ಹೆಚ್ಚಿಸಿಕೊಳ್ಳುವಂತೆ ರೂಪುಗೊಂಡಿವೆ.

ಹೊರೆ ಹೊತ್ತ ಬಳಕೆದಾರ

ಕಡತ ಇಡುವವರು ಹೀಗೆ ಎಡವುತ್ತಿರುವಾಗ ನಿಯಮಗಳ ಭಾರವೆಲ್ಲ ಬಿದ್ದದ್ದು ಬಳಕೆದಾರನ ಮೇಲೆ. ದೊಡ್ಡಕ್ಷರ ಇರಲಿ, ಅಂಕಿ ಇರಲಿ, ಚಿಹ್ನೆ ಇರಲಿ, ಮೂರು ತಿಂಗಳಿಗೊಮ್ಮೆ ಬದಲಿಸಿ ಎಂದು ಪ್ರತಿಯೊಂದು ಕಚೇರಿಯೂ ಹೇಳತೊಡಗಿತು. ಈ ಬಗೆಯ ಸಲಹೆಗೆ ಅಧಿಕೃತ ಮುದ್ರೆ ಒತ್ತಿದ್ದು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್‌ನ ಬಿಲ್ ಬರ್ 2003ರಲ್ಲಿ ಬರೆದ ಮಾರ್ಗದರ್ಶಿ. 2017ರಲ್ಲಿ, ನಿವೃತ್ತರಾದ ಮೇಲೆ, ಅದರಲ್ಲಿ ಬಹುಪಾಲಿಗೆ ತಮಗೆ ಪಶ್ಚಾತ್ತಾಪವಿದೆ ಎಂದು ಅವರೇ ಹೇಳಿಕೊಂಡರು. ಬದಲಿಸು ಎಂದು ಒತ್ತಾಯಿಸಿದರೆ ಜನ ಕೊನೆಯ 1ನ್ನು 2 ಮಾಡುತ್ತಾರೆ, ಅಷ್ಟೆ. ಕಳ್ಳರಿಗೂ ಇದು ಗೊತ್ತು. ಅದೇ ವರ್ಷ ನಿಸ್ಟ್ ತನ್ನ ನಿಯಮ ತಿರುಗಿಸಿತು. ಕಾರಣವಿಲ್ಲದೆ ಬದಲಿಸಲು ಹೇಳಬೇಡಿ, ಚಿಹ್ನೆಗಳ ಹಠ ಬೇಡ, ಸೋರಿ ಹೋದ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿ ಇದ್ದರೆ ಮಾತ್ರ ತಿರಸ್ಕರಿಸಿ ಎಂದಿತು. 2025ರ ಆವೃತ್ತಿ, ಪಾಸ್‌ವರ್ಡ್ ಒಂದೇ ಕಾವಲಾಗಿರುವಲ್ಲಿ ಕನಿಷ್ಠ 15 ಅಕ್ಷರಗಳ ಉದ್ದವನ್ನು ವಿಧಿಸುತ್ತದೆ. ಹಳೆಯ ನಿಯಮವನ್ನೇ ಗೋಡೆಗೆ ಅಂಟಿಸಿಕೊಂಡಿರುವ ಕಚೇರಿಗಳು ನಮ್ಮಲ್ಲಿ ಇನ್ನೂ ಬೇಕಾದಷ್ಟಿವೆ.

ಕೊರ್ಬಾಟೊ ಅವರೇ 2014ರ ಸಂದರ್ಶನವೊಂದರಲ್ಲಿ, ಅಂತರಜಾಲದ ಯುಗದಲ್ಲಿ ಪಾಸ್‌ವರ್ಡ್ ಒಂದು ದುಃಸ್ವಪ್ನವಾಗಿದೆ ಎಂಬರ್ಥದ ಮಾತು ಹೇಳಿದರು. ತಮ್ಮ ಪಾಸ್‌ವರ್ಡ್‌ಗಳನ್ನು ಅವರೂ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದರು.

ಕೈಯಲ್ಲಿರುವ ಎರಡನೆಯ ಸಾಕ್ಷಿ

ಗುಟ್ಟೊಂದೇ ಸಾಲದು, ಕೈಯಲ್ಲಿ ವಸ್ತುವೊಂದೂ ಇರಬೇಕು ಎಂಬ ವಿಚಾರ ಬ್ಯಾಂಕುಗಳಿಗೆ ಹೊಸದಲ್ಲ. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕು ತೆರೆದ ಹಣ ಕೊಡುವ ಯಂತ್ರಕ್ಕೆ, ವಿಕಿರಣಶೀಲ ಕಾರ್ಬನ್-14 ಲೇಪಿಸಿದ ಕಾಗದದ ಚೀಟಿಯನ್ನೂ ಒಂದು ರಹಸ್ಯ ಸಂಖ್ಯೆಯನ್ನೂ ಕೊಡಬೇಕಿತ್ತು. ಅದನ್ನು ರೂಪಿಸಿದ ಜಾನ್ ಶೆಫರ್ಡ್-ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಸಂಖ್ಯೆಗೆ ಆರು ಅಂಕಿ ಇರಲಿ ಎಂದುಕೊಂಡಿದ್ದರಂತೆ. ಹೆಂಡತಿ, ತನಗೆ ನಾಲ್ಕಕ್ಕಿಂತ ಹೆಚ್ಚು ನೆನಪಿರುವುದಿಲ್ಲ ಎಂದದ್ದರಿಂದ ನಾಲ್ಕೇ ಉಳಿಯಿತು ಎಂದು ಅವರೇ ಹೇಳಿಕೊಂಡಿದ್ದಾರೆ.

ಗಣಕದ ಪ್ರವೇಶಕ್ಕೆ ಮಾತ್ರ ಈ ವಿಚಾರ ತಡವಾಗಿ ಬಂತು. 1981ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಒಂದು ಸುಂದರ ವಿಧಾನ ಸೂಚಿಸಿದರು. ನಿಮ್ಮ ಗುಟ್ಟನ್ನು ಸಾವಿರ ಸಲ ಬೀಸಿ, ಬಂದ ಫಲವನ್ನು ಗಣಕಕ್ಕೆ ಕೊಟ್ಟಿರಿ. ಮೊದಲ ಸಲ ಪ್ರವೇಶಿಸುವಾಗ 999 ಸಲ ಬೀಸಿದ್ದನ್ನು ಹೇಳಿ. ಗಣಕ ಅದನ್ನು ಇನ್ನೊಮ್ಮೆ ಬೀಸಿ ತನ್ನಲ್ಲಿರುವುದಕ್ಕೆ ಹೋಲಿಸುತ್ತದೆ. ಮುಂದಿನ ಸಲ 998. ನಡುವೆ ಕದ್ದು ಕೇಳಿದವನಿಗೆ ಪ್ರಯೋಜನವಿಲ್ಲ, ಏಕೆಂದರೆ ಮುಂದೆ ಬೇಕಾಗುವುದು ಅವನು ಕೇಳಿದ್ದಕ್ಕಿಂತ ಹಿಂದಿನ ಹಂತ. ಬೀಸಿದ್ದು ಹಿಂದಕ್ಕೆ ಹೋಗದು. ಒಮ್ಮೆ ಮಾತ್ರ ಸಲ್ಲುವ ಪಾಸ್‌ವರ್ಡಿನ ಗಣಿತ ಇದು.

ವ್ಯಾಪಾರ ಸಂಸ್ಥೆಗಳಲ್ಲಿ ಹರಡಿದ್ದು ಇನ್ನೊಂದು ಬಗೆ. 1984ರಲ್ಲಿ ಆರಂಭವಾದ ಸೆಕ್ಯುರಿಟಿ ಡೈನಮಿಕ್ಸ್ ಎಂಬ ಅಮೆರಿಕದ ಕಂಪನಿ, 60 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ತೋರಿಸುವ ಪುಟ್ಟ ಸಾಧನವನ್ನು ಮಾರಿತು. ಸಾಧನದಲ್ಲೂ ಕಂಪನಿಯ ಗಣಕದಲ್ಲೂ ಒಂದೇ ಗುಟ್ಟು, ಎರಡರಲ್ಲೂ ಗಡಿಯಾರ. ಗುಟ್ಟನ್ನೂ ಸಮಯವನ್ನೂ ಸೇರಿಸಿ ಬೀಸಿದರೆ ಎರಡೂ ಕಡೆ ಒಂದೇ ಸಂಖ್ಯೆ ಬರುತ್ತದೆ. ಇಂದು ಮೊಬೈಲ್‌ನಲ್ಲಿ 30 ಸೆಕೆಂಡಿಗೊಮ್ಮೆ ಆರಂಕಿಯ ಸಂಖ್ಯೆ ತೋರಿಸುವ ತಂತ್ರಾಂಶಗಳ ತತ್ತ್ವವೂ ಇದೇ. 2011ರಲ್ಲಿ ಅದಕ್ಕೆ ಮುಕ್ತ ಮಾನಕ ಬಂತು.

ಭಾರತದಲ್ಲಿ ಎರಡನೆಯ ಸಾಕ್ಷಿಯನ್ನು ಸಾಮಾನ್ಯರ ಬದುಕಿಗೆ ತಂದದ್ದು ರಿಸರ್ವ್ ಬ್ಯಾಂಕ್. 2009ರ ಫೆಬ್ರವರಿಯ ಸುತ್ತೋಲೆಯಂತೆ, ಆ ವರ್ಷದ ಆಗಸ್ಟ್ 1ರಿಂದ ಅಂತರಜಾಲದಲ್ಲಿ ಕಾರ್ಡ್ ಬಳಸುವಾಗ ಕಾರ್ಡಿನ ಮೇಲೆ ಕಾಣದ ಇನ್ನೊಂದು ಮಾಹಿತಿ ಕಡ್ಡಾಯವಾಯಿತು. ಮೊದಮೊದಲು ಬ್ಯಾಂಕುಗಳು ಅದಕ್ಕೂ ಇನ್ನೊಂದು ಪಾಸ್‌ವರ್ಡನ್ನೇ ಬಳಸಿದವು. ಆಮೇಲೆ ಮೊಬೈಲಿಗೆ ಬರುವ ಒಟಿಪಿ ರೂಢಿಯಾಯಿತು. ವ್ಯಾಪಾರಕ್ಕೆ ಅಡ್ಡಿಯೆಂಬ ಗೊಣಗಾಟದ ನಡುವೆಯೂ ಬ್ಯಾಂಕು ತನ್ನ ನಿಲುವನ್ನು ಬಿಡಲಿಲ್ಲ, ಮತ್ತು ಅದು ಸರಿಯಾಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿ 2026ರ ಏಪ್ರಿಲ್ 1ರಿಂದ ಜಾರಿಗೆಂದು ಗೊತ್ತುಪಡಿಸಿದ ನಿರ್ದೇಶನ, ಎಸ್‌ಎಂಎಸ್ ಒಟಿಪಿಯನ್ನು ನಿಷೇಧಿಸದೆ ಇತರ ವಿಧಾನಗಳಿಗೂ ದಾರಿ ತೆರೆದಿದೆ.

ಒಟಿಪಿಯಲ್ಲೂ ಹಳೆಯ ದೋಷ ಉಳಿದೇ ಇದೆ. ಅದೂ ಹೇಳಬೇಕಾದ ಗುಟ್ಟು, ಆಯುಸ್ಸು ಮಾತ್ರ ಕಡಿಮೆ. ಬ್ಯಾಂಕಿನದೇ ಎಂಬಂತೆ ಕಾಣುವ ನಕಲಿ ಪುಟ ಕಟ್ಟಿದವನು, ನೀವು ಅಲ್ಲಿ ಬರೆದ ಪಾಸ್‌ವರ್ಡನ್ನೂ ಒಟಿಪಿಯನ್ನೂ ಅದೇ ಕ್ಷಣದಲ್ಲಿ ನಿಜವಾದ ಪುಟಕ್ಕೆ ದಾಟಿಸಬಹುದು. ನಿಮ್ಮ ಹೆಸರಿನಲ್ಲಿ ಮೋಸದಿಂದ ಇನ್ನೊಂದು ಸಿಮ್ ಪಡೆದವನಿಗೆ ಒಟಿಪಿ ನೇರವಾಗಿ ತಲಪುತ್ತದೆ. ಪುಟ್ಟ ಸಾಧನದ ಗುಟ್ಟೂ ಎರಡು ಕಡೆ ಇರುತ್ತದಷ್ಟೆ. ಮುಂದೆ ಆರ್‌ಎಸ್‌ಎ ಎಂಬ ಹೆಸರು ತಳೆದ ಆ ಸಾಧನದ ಕಂಪನಿಯೊಳಕ್ಕೇ 2011ರ ಮಾರ್ಚ್‌ನಲ್ಲಿ ಕಳ್ಳರು ನುಗ್ಗಿದರು. ನೌಕರನೊಬ್ಬ ತೆರೆದ, ನೇಮಕಾತಿ ಯೋಜನೆಯೆಂಬ ಹೆಸರಿನ ಎಕ್ಸೆಲ್ ಕಡತ ಅವರಿಗೆ ದಾರಿ ಮಾಡಿತು. ಸಾಧನಗಳಿಗೆ ಸಂಬಂಧಿಸಿದ ಮಾಹಿತಿ ಕಳುವಾಗಿ, ಅವುಗಳನ್ನು ಬದಲಿಸಿಕೊಡುವುದಾಗಿ ಕಂಪನಿ ಗ್ರಾಹಕರಿಗೆ ಹೇಳಬೇಕಾಯಿತು. ಸಂಖ್ಯೆಯ ಬದಲು ಮೊಬೈಲ್‌ನಲ್ಲಿ ಹೌದು ಎಂದು ಒತ್ತುವ ವಿಧಾನ ಬಂದಾಗ ಮೋಸವೂ ಹೊಂದಿಕೊಂಡಿತು. 2022ರ ಸೆಪ್ಟೆಂಬರ್‌ನಲ್ಲಿ ಊಬರ್ ಕಂಪನಿಯ ಗುತ್ತಿಗೆ ನೌಕರನೊಬ್ಬನ ಮೊಬೈಲಿಗೆ ಅನುಮತಿ ಕೋರಿಕೆಗಳು ಒಂದರ ಮೇಲೊಂದು ಬಂದು, ಕೊನೆಗೆ ಅವನು ಒಂದಕ್ಕೆ ಹೌದು ಎಂದ.

ಕೈಬಿಟ್ಟು ಹೋಗದ ಕೀಲಿ

ಗುಟ್ಟನ್ನು ಯಾರಿಗೂ ಹೇಳದೆ ಗುರುತು ತೋರಿಸುವ ಗಣಿತ 1976ರಿಂದಲೇ ನಮ್ಮ ಬಳಿ ಇದೆ. ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಆ ವರ್ಷ ಮಂಡಿಸಿದ ಸಾರ್ವಜನಿಕ ಕೀಲಿಯ ಪರಿಕಲ್ಪನೆಯಲ್ಲಿ ಪ್ರತಿಯೊಬ್ಬರಿಗೂ ಜೋಡಿ ಕೀಲಿಗಳು. ಖಾಸಗಿ ಕೀಲಿಯಿಂದ ಸಹಿ ಹಾಕಬಹುದು. ಸಾರ್ವಜನಿಕ ಕೀಲಿಯಿಂದ ಆ ಸಹಿಯನ್ನು ಪರೀಕ್ಷಿಸಬಹುದು, ಆದರೆ ನಕಲು ಮಾಡಲಾಗದು. ಜಾಲತಾಣ ಪ್ರತಿ ಸಲ ಹೊಸದೊಂದು ಯಾದೃಚ್ಛಿಕ ಸಂಖ್ಯೆ ಕಳಿಸುತ್ತದೆ. ನಿಮ್ಮ ಸಾಧನ ಅದಕ್ಕೆ ಸಹಿ ಹಾಕಿ ಹಿಂತಿರುಗಿಸುತ್ತದೆ. ಜಾಲತಾಣದ ಕಡತದಲ್ಲಿರುವುದು ಸಾರ್ವಜನಿಕ ಕೀಲಿ ಮಾತ್ರ. ಅದನ್ನು ಕದ್ದು ಮಾಡುವುದೇನೂ ಇಲ್ಲ. ಇನ್ನೊಂದು ಜಾಣತನವೆಂದರೆ ಸಹಿಯೊಳಗೆ ಜಾಲತಾಣದ ವಿಳಾಸವೂ ಸೇರಿರುತ್ತದೆ. ನಕಲಿ ಪುಟ ಮನುಷ್ಯನ ಕಣ್ಣಿಗೆ ಮಣ್ಣೆರಚಬಹುದು. ಒಂದಕ್ಷರ ಬೇರೆಯಾದ ವಿಳಾಸಕ್ಕೆ ಸಾಧನ ಸಹಿಯನ್ನೇ ಹಾಕುವುದಿಲ್ಲ.

ಈ ಗಣಿತ ಎಲ್ಲರ ಬ್ರೌಸರಿಗೆ ಬರಲು ನಾಲ್ಕು ದಶಕಗಳೇ ಬೇಕಾದವು. 2013ರಲ್ಲಿ ಫಿಡೊ ಒಕ್ಕೂಟ ಬಹಿರಂಗವಾಗಿ ಕೆಲಸ ಆರಂಭಿಸಿತು. 2019ರ ಮಾರ್ಚ್‌ನಲ್ಲಿ ವೆಬ್‌ಆಥೆನ್ ಎಂಬ ಮಾನಕ ಅಂಗೀಕೃತವಾಯಿತು. 2022ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಪಾಸ್‌ಕೀ ಎಂಬ ಹೆಸರಿನಲ್ಲಿ ಇದನ್ನು ಒಪ್ಪಿಕೊಂಡವು. ಅದಕ್ಕೂ ಮೊದಲೇ, 2017ರಿಂದ, ಗೂಗಲ್ ತನ್ನ 85,000ಕ್ಕೂ ಹೆಚ್ಚು ನೌಕರರಿಗೆ ಇದೇ ತತ್ತ್ವದ ಭೌತಿಕ ಕೀಲಿಯನ್ನು ಕಡ್ಡಾಯ ಮಾಡಿತ್ತು. ಆಮೇಲೆ ನಕಲಿ ಪುಟಗಳ ಮೂಲಕ ನೌಕರರ ಖಾತೆ ಕಳುವಾದ ಒಂದೇ ಒಂದು ಪ್ರಕರಣವೂ ನಡೆದಿಲ್ಲ ಎಂದು 2018ರಲ್ಲಿ ಅದು ಹೇಳಿತು.

ಇಷ್ಟಾದರೂ 2024ರ ಫೆಬ್ರವರಿಯಲ್ಲಿ ಅಮೆರಿಕದ ಆಸ್ಪತ್ರೆಗಳ ಬಿಲ್ಲುಗಳನ್ನು ನೋಡಿಕೊಳ್ಳುವ ಚೇಂಜ್ ಹೆಲ್ತ್‌ಕೇರ್ ಎಂಬ ಸಂಸ್ಥೆ ಕುಸಿಯಿತು. ದೂರ ಪ್ರವೇಶದ ದ್ವಾರವೊಂದಕ್ಕೆ ಪಾಸ್‌ವರ್ಡ್ ಬಿಟ್ಟರೆ ಎರಡನೆಯ ಸಾಕ್ಷಿ ಇರಲಿಲ್ಲ. ಔಷಧಿ ಅಂಗಡಿಗಳಲ್ಲಿ ವಿಮೆಯ ಲೆಕ್ಕ ನಿಂತುಹೋಯಿತು, 2.2 ಕೋಟಿ ಡಾಲರ್ ಒತ್ತೆಹಣ ಹೋಯಿತು. ಸುಮಾರು 19 ಕೋಟಿ ಜನರ ಮಾಹಿತಿ ಕೈತಪ್ಪಿತು.

ಪಾಸ್‌ಕೀಗೂ ಒಂದು ಹಿಂಬಾಗಿಲಿದೆ. ಸಾಧನ ಕಳೆದುಹೋದರೆ ಏನು ಮಾಡುವುದು? ಸಂಸ್ಥೆಯ ಸಹಾಯ ಕೇಂದ್ರಕ್ಕೆ ಫೋನ್ ಮಾಡಿ, ನಾನು ಇಂಥವನು, ಹೊಸದಾಗಿ ಒಳಗೆ ಬಿಡಿ ಎಂದು ಕೇಳಬೇಕು. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಂಜಿಎಂ ಹೋಟೆಲುಗಳ ವ್ಯವಸ್ಥೆಯೊಳಕ್ಕೆ ಕಳ್ಳರು ನುಗ್ಗಿದ್ದು ನೌಕರನ ಸೋಗಿನಲ್ಲಿ ಇಂಥದೇ ಕರೆ ಮಾಡಿ ಎಂದು ವರದಿಯಾಯಿತು. ನಷ್ಟ ಸುಮಾರು 10 ಕೋಟಿ ಡಾಲರ್ ಎಂದು ಕಂಪನಿ ತಿಳಿಸಿತು. ಹೀಗಾಗಿ ಎಚ್ಚರ ವಹಿಸುವ ಸಂಸ್ಥೆಗಳು ಪ್ರತಿ ನೌಕರನಿಗೂ ಮೊದಲೇ ಎರಡು ಕೀಲಿಗಳನ್ನು ನೋಂದಾಯಿಸಿ, ಒಂದನ್ನು ತೆಗೆದಿಡುತ್ತವೆ. ಎರಡೂ ಹೋದರೆ ಫೋನಿನಲ್ಲಿ ಮಾತಾಡಿ ಬಗೆಹರಿಸದೆ, ಗುರುತಿನ ಚೀಟಿ ಹಿಡಿದು ಖುದ್ದಾಗಿ ಬರಹೇಳುತ್ತವೆ.